ತನಕ ಇಲ್ಲದ ಭಾಷೆ

ಕಸ್ತೂರಿ ಮಲಘಾಣ ತನ್ನ ಭಾಷೆಯಿಂದ ‘ತನಕ’ ಎಂಬ ಮಾತನ್ನು ಕಿತ್ತುಹಾಕಿದ ವರ್ಷ ನಾನೂ ಅವಳೂ ವಿಶ್ವವಿದ್ಯಾಲಯದ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಸಂಶೋಧನೆ ಮಾಡುತ್ತಿದ್ದೆವು. ನನ್ನದು ಯಂತ್ರಗಳ ಕಿವಿಯ ವಿಷಯ. ಅವು ಯಾವ ಮಾತನ್ನು ಎಷ್ಟು ಬೇಗ ಹಿಡಿಯುತ್ತವೆ ಎಂದು ಅಳೆಯುತ್ತಿದ್ದೆ. ಅವಳದು ಯಂತ್ರಗಳಿಗೆ ಆಡುವ ಮಾತಿನ ವಿಷಯ. ನನ್ನ ಪ್ರಬಂಧ ಮುಗಿದು ಕಪಾಟು ಸೇರಿತು. ಈಗ ಅದನ್ನು ನಾನೇ ತೆಗೆದು ನೋಡುವುದಿಲ್ಲ. ಅವಳದರ ಸಂಗತಿ ಯಾರು ಕೇಳಿದರೂ, ಕೇಳದಿದ್ದರೂ, ಹೇಳುತ್ತೇನೆ.

ನಮ್ಮೂರಿನಲ್ಲಿ ಗಿರಣಿ, ಪಂಪು, ಫ್ಯಾನು, ಬಾಗಿಲು ಎಲ್ಲಕ್ಕೂ ಕಿವಿಯಿದೆ. ಅಪ್ಪಣೆ ಕೊಟ್ಟರೆ ಕೆಲಸಕ್ಕೆ ತೊಡಗುತ್ತವೆ. ಹೇಳಿದ್ದು ಪೂರ್ತಿಯಾಗದೆ ನಿಲ್ಲುವುದಿಲ್ಲ. ನಡುವೆ ಸಾಕು ಎಂದರೂ ಕೇಳುವುದಿಲ್ಲ, ತಂತಿ ಕಿತ್ತರೂ ಕೇಳುವುದಿಲ್ಲ. ಹಾಗಾಗಿ ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಆಡುವ ಮಾತಿನ ಕೊನೆಯನ್ನು ಯೋಚಿಸುವುದು ಕಲಿಯುತ್ತಾರೆ. ಹೊಸ ಸೊಸೆಗೆ ಅತ್ತೆ ಮೊದಲು ಹೇಳಿಕೊಡುವುದು ರುಬ್ಬುವ ಯಂತ್ರದ ಹತ್ತಿರ ಆಡಬೇಕಾದ ಮಾತನ್ನು. ಗಾಣದ ಓಣಿಯಲ್ಲಿ ಒಬ್ಬ ಅಂಗಡಿಕಾರ ಬೆವರು ಒರೆಸಿಕೊಳ್ಳುತ್ತ ಫ್ಯಾನಿಗೆ ‘ಈ ಊರಿನ ಸೆಕೆ ಹೋಗುವ ತನಕ ತಿರುಗು’ ಎಂದುಬಿಟ್ಟನಂತೆ. ಅವನು ತೀರಿಕೊಂಡು, ಅಂಗಡಿ ಮುಚ್ಚಿ, ಬಾಗಿಲಿಗೆ ಗೆದ್ದಲು ಹತ್ತಿದರೂ ಆ ಫ್ಯಾನು ತಿರುಗುತ್ತಿದೆ. ಅಕ್ಕಪಕ್ಕದ ಹೆಂಗಸರು ಅದರ ಕೆಳಗೆ ಹಪ್ಪಳ ಒಣಗಿಸುತ್ತಾರೆ. ಕೋಟೆ ಹಿಂದಿನ ಒಂದು ಬಾಡಿಗೆ ಮನೆಯಲ್ಲಿ ‘ಮಗು ಕಣ್ಣು ಮುಚ್ಚುವ ತನಕ ತೂಗು’ ಎಂದಿದ್ದ ತೊಟ್ಟಿಲಿದೆ. ಕಣ್ಣು ಮುಚ್ಚುವ ಮೊದಲೇ ಮಗುವನ್ನು ಎತ್ತಿಕೊಂಡು ಆ ಸಂಸಾರ ಬೇರೆ ಊರಿಗೆ ಹೋಯಿತು. ಈಗಿರುವವರು ಅದರ ಕಿರುಗುಟ್ಟುವ ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ.

ಇಂಥ ಊರಿನಲ್ಲಿ ದೊಡ್ಡ ಯಂತ್ರಗಳಿಗೆ ಮಾತು ಕಟ್ಟಿಕೊಡುವವರಿಗೆ ಅಪ್ಪಣೆಗಾರರು ಎನ್ನುತ್ತಾರೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಬಾಳಕ್ಕ ಮಲಘಾಣ ಅವರದು, ಅಂದರೆ ಕಸ್ತೂರಿಯ ತಾಯಿಯದು. ಹೊಳೆದಂಡೆಯ ಭತ್ತದ ಗಿರಣಿ, ದೊಡ್ಡಾಸ್ಪತ್ರೆಯ ಲಿಫ್ಟು, ಸಂತೆಪೇಟೆಯ ತೂಕದ ಕಟ್ಟೆ, ಎಲ್ಲ ಅವರು ಕಟ್ಟಿದ ಮಾತಿನಿಂದಲೇ ನಡೆಯುತ್ತಿದ್ದವು. ಒಂದೂ ಕೈಕೊಟ್ಟಿರಲಿಲ್ಲ. ಮಾತು ಕೇಳಲು ಬಂದವರನ್ನು ಅವರು ಜಗಲಿಯ ಮೇಲೆ ಕೂರಿಸಿಕೊಂಡು, ಕಾಳು ತೀರಿದರೆ ಏನು, ಪಟ್ಟಿ ಹರಿದರೆ ಏನು, ಎರಡೂ ಒಟ್ಟಿಗೆ ಆದರೆ ಏನು ಎಂದು ಗಂಟೆಗಟ್ಟಲೆ ಕೇಳುವರು. ಕಸ್ತೂರಿ ಆ ಪ್ರಶ್ನೆಗಳ ನಡುವೆಯೇ ಬೆಳೆದವಳು. ತಾಯಿಗೆ ಪ್ರತಿಸಲವೂ ಎಲ್ಲ ಪ್ರಶ್ನೆಗಳೂ ಹೊಳೆಯುತ್ತಿದ್ದವು. ಒಂದು ಸಲ ಒಂದು ಪ್ರಶ್ನೆ ಹೊಳೆಯದಿದ್ದರೆ ಏನಾಗುತ್ತದೆ ಎಂಬ ಭಯ ಮಗಳನ್ನು ಚಿಕ್ಕಂದಿನಿಂದ ಕಾಡುತ್ತಿತ್ತು. ಅದೇ ಭಯವನ್ನು ಅವಳು ವಿಶ್ವವಿದ್ಯಾಲಯಕ್ಕೆ ಹೊತ್ತು ತಂದಿದ್ದಳು.

ಬೇರೆ ಊರುಗಳಲ್ಲಿ ಒಂದು ಕೆಲಸ ಸರಿಯೋ ತಪ್ಪೋ ಎಂದು ಮಾಡಿ ನೋಡುತ್ತಾರಂತೆ. ನಮ್ಮಲ್ಲಿ ಮಾಡಿ ನೋಡುವುದೆಂದರೆ ಮಾಡಿದಂತೆಯೇ. ಆದ್ದರಿಂದ ನಮ್ಮ ವಿಭಾಗದಲ್ಲಿ ಎಲ್ಲವನ್ನೂ ಮೊದಲು ಕಾಗದದ ಮೇಲೆ ಸಾಬೀತು ಮಾಡಿ ತೋರಿಸಬೇಕಿತ್ತು. ಕಸ್ತೂರಿ ಹಿಡಿದದ್ದು ಒಂದು ಸರಳ ಎಳೆ. ‘ಬುಟ್ಟಿಯ ಕಾಳನ್ನೆಲ್ಲ ಬೀಸು’ ಎಂದರೆ ಗಿರಣಿ ಒಂದು ದಿನ ನಿಲ್ಲಲೇಬೇಕು, ಏಕೆಂದರೆ ಪ್ರತಿ ಸುತ್ತಿಗೂ ಬುಟ್ಟಿಯ ಕಾಳು ಕಡಿಮೆಯಾಗುತ್ತದೆ. ‘ಹಿಟ್ಟು ನುಣ್ಣಗಾಗುವ ತನಕ ಬೀಸು’ ಎಂದರೆ ನುಣ್ಣಗಾಗುವುದು ಯಾರ ಕೈಯಲ್ಲಿದೆ? ಅವಳು ಒಂದು ಹೊಸ ಭಾಷೆ ಮಾಡಿದಳು. ಅದರಲ್ಲಿ ಪ್ರತಿ ಅಪ್ಪಣೆಯೂ ಸುತ್ತಿನಿಂದ ಸುತ್ತಿಗೆ ಕುಗ್ಗುವ ಏನನ್ನಾದರೂ ತೋರಿಸಬೇಕು: ಕಾಳೋ, ನೂಲೋ, ಸೌದೆಯೋ. ತೋರಿಸಲಾಗದ ಮಾತನ್ನು ಆ ಭಾಷೆಯಲ್ಲಿ ಆಡಲಿಕ್ಕೇ ಬರುವುದಿಲ್ಲ. ‘ತನಕ’ ಎಂಬುದು ಆ ಭಾಷೆಯಲ್ಲಿ ಇರಲಿಲ್ಲ. ಹಳೆಯ ಅಪ್ಪಣೆಗಳನ್ನು ಓದಿ, ನಿಲ್ಲುವುದು ಖಚಿತವಾದರೆ ಹೂಂ, ಇಲ್ಲದಿದ್ದರೆ ಉಹೂಂ ಎಂದು ಹೇಳುವ ಒಂದು ಪ್ರೋಗ್ರಾಂ ಕೂಡ ಬರೆದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನಕ್ಕರು. ಈ ಭಾಷೆಯಲ್ಲಿ ಆಡಬಹುದಾದ ಮಾತಿಗಿಂತ ಆಡಲಾಗದ ಮಾತೇ ಹೆಚ್ಚು, ಈ ಪ್ರೋಗ್ರಾಂ ಒಳ್ಳೆಯ ಮಾತಿಗೂ ಉಹೂಂ ಎನ್ನುತ್ತದೆ ಎಂದರು. ತನಗೆ ತಿಳಿಯದ್ದಕ್ಕೆ ಹೂಂ ಎನ್ನುವುದಕ್ಕಿಂತ ಉಹೂಂ ಎನ್ನುವುದು ಲೇಸು ಎಂದು ಕಸ್ತೂರಿ ಹೇಳಿದಳು. ಅವರಿಗೆ ಅದು ಸಾಲಲಿಲ್ಲ. ಮನೆಯ ಒರಳಿಗೆ ಸರಿ, ಊರಿಗೆ ಬೇಕಾಗುವ ಒಂದಾದರೂ ದೊಡ್ಡ ಕೆಲಸವನ್ನು ಇದರಲ್ಲಿ ಮಾಡಿ ತೋರಿಸಿದರೆ ಪದವಿಯ ಮಾತು ಆಡೋಣ ಎಂದು ಎದ್ದು ಹೋದರು. ನಮ್ಮ ಮಾರ್ಗದರ್ಶಕರಾದ ಹೊಸಮನಿ ಸರ್ ಅವಳ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ನಿಂತಿದ್ದು ನೆನಪಿದೆ.

ಅದೇ ಬೇಸಿಗೆಯಲ್ಲಿ ನಗರಸಭೆ ಹೊಳೆಗೆ ಹೊಸ ಪಂಪು ಕೂರಿಸಿತು. ಊರ ಬಾವಿಗಳು ಕೆಳಗಿಳಿದಿದ್ದವು. ಓಣಿಗೊಂದು ತೊಟ್ಟಿ ಕಟ್ಟಿ, ಪಂಪಿನಿಂದ ಒಂದೊಂದಾಗಿ ತುಂಬಿಸುತ್ತ ಹೋಗಿ, ಕೊನೆಗೆ ತಗ್ಗಿನಲ್ಲಿರುವ ಕುಂಬಾರ ಓಣಿಗೆ ನೀರು ಮುಟ್ಟಿಸುವುದು ಅವರ ಯೋಜನೆ. ಇಷ್ಟು ದೊಡ್ಡ ಯಂತ್ರಕ್ಕೆ ನಮ್ಮೂರಿನಲ್ಲಿ ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಸಹಜವಾಗಿಯೇ ಮಾತು ಕಟ್ಟುವ ಕೆಲಸ ಬಾಳಕ್ಕನವರಿಗೆ ಹೋಯಿತು. ವಿಶ್ವವಿದ್ಯಾಲಯವೂ ಒಮ್ಮೆ ನೋಡಲಿ ಎಂದು ಅಧ್ಯಕ್ಷ ರಾಚಪ್ಪನವರು ಅದರ ಪ್ರತಿಯನ್ನು ವಿಭಾಗಕ್ಕೆ ಕಳಿಸಿದರು. ನೋಡಿ ಚೆನ್ನಾಗಿದೆ ಎನ್ನಲಿ ಎಂಬುದಷ್ಟೇ ಅವರ ಆಸೆ.

ಓದಿದಾಗ ನನಗೂ ಚೆನ್ನಾಗಿಯೇ ಕಂಡಿತು. ಹೊಳೆ ಬತ್ತಿದರೆ ಏನು, ಕೊಳವೆ ಕಟ್ಟಿಕೊಂಡರೆ ಏನು, ಯಾವುದೋ ಓಣಿಯಲ್ಲಿ ನಲ್ಲಿ ತೆರೆದು ಮರೆತರೆ ಏನು, ಎಲ್ಲಕ್ಕೂ ಅದರಲ್ಲಿ ಜಾಗ ಇತ್ತು. ಕೊನೆಯ ಸಾಲು ‘ಕುಂಬಾರ ಓಣಿಯ ತೊಟ್ಟಿ ತುಂಬುವ ತನಕ ನೀರೆತ್ತು’ ಎಂದಿತ್ತು. ಕಸ್ತೂರಿಯ ಪ್ರೋಗ್ರಾಂ ಉಹೂಂ ಎಂದಿತು.

ಒಳ್ಳೆಯ ಮಾತಿಗೂ ಅದು ಉಹೂಂ ಎನ್ನುತ್ತದಲ್ಲ, ಇದೂ ಅಂಥದ್ದೇ ಇರಬೇಕು ಎಂದುಕೊಂಡು ಅವಳು ತಾಯಿಯ ಮಾತು ಸರಿ ಎಂದು ಕೈಯಾರೆ ಸಾಬೀತು ಮಾಡಲು ಕೂತಳು. ತೊಟ್ಟಿಯಲ್ಲಿ ಖಾಲಿ ಇರುವ ಜಾಗ ನೀರು ಬಂದ ಹಾಗೆಲ್ಲ ಕುಗ್ಗುತ್ತದೆ ಎಂದು ಬರೆದಳು. ಮುಂದಿನ ಸಾಲು ಬರೆಯಲಾಗಲಿಲ್ಲ. ಬಂದಷ್ಟೇ ನೀರು ತೊಟ್ಟಿಯ ತಳದಿಂದ ಹೋಗುತ್ತಿದ್ದರೆ ಖಾಲಿ ಜಾಗ ಕುಗ್ಗುವುದಿಲ್ಲ. ಆಗ ಪಂಪು ನಿಲ್ಲುವುದಿಲ್ಲ. ಹೊಳೆ ಇರುವಷ್ಟು ಕಾಲ, ಮಳೆಗಾಲ ಬೇಸಿಗೆ ಎನ್ನದೆ, ನೀರನ್ನು ತಂದು ಕುಂಬಾರ ಓಣಿಯ ಬುಡಕ್ಕೆ ಸುರಿಯುತ್ತಲೇ ಇರುತ್ತದೆ. ಅಲ್ಲಿನವು ಮಣ್ಣಿನ ಗೋಡೆಯ ಮನೆಗಳು. ಅವಳು ಪೆನ್ನು ಕೆಳಗಿಟ್ಟು ‘ಇಂದೂ’ ಎಂದು ನನ್ನನ್ನು ಕರೆದಳು. ನಾವಿಬ್ಬರೂ ಸೇರಿ ಇದಕ್ಕೆ ಬಾಳಕ್ಕ ಎಲ್ಲಾದರೂ ಜಾಗ ಇಟ್ಟಿದ್ದಾರೆಯೇ ಎಂದು ಹುಡುಕಿದೆವು. ಇಟ್ಟಿರಲಿಲ್ಲ.

ಒಬ್ಬಳೇ ಮನೆಗೆ ಹೋಗಲು ಧೈರ್ಯ ಸಾಲದೆ ಅವಳು ನನ್ನನ್ನೂ ಕರೆದುಕೊಂಡು ಹೋದಳು. ಊಟದ ಹೊತ್ತು. ಬಾಳಕ್ಕ ರೊಟ್ಟಿ ಬಡಿಯುತ್ತಿದ್ದರು. ಕಸ್ತೂರಿ ಸುತ್ತುಬಳಸಿ ಹೇಳುವವಳಲ್ಲ.

“ಅವ್ವಾ, ನಿನ್ನ ಮಾತಿಗೆ ಪ್ರೋಗ್ರಾಂ ಉಹೂಂ ಅಂತು.”

“ಅದು ಒಳ್ಳೆ ಮಾತಿಗೂ ಉಹೂಂ ಅಂತೈತಿ ಅಂತ ನೀನ ಹೇಳಿದ್ದಿ.”

“ಅದಕ್ಕ ನಾನ ಕುಂತು ನೋಡಿದೆ. ಕುಂಬಾರ ಓಣಿ ತೊಟ್ಟಿ ಸೋರಿದ್ರ ನಿನ್ನ ಮಾತಿಗೆ ಕೊನಿ ಇಲ್ಲ.”

ಬಾಳಕ್ಕ ರೊಟ್ಟಿ ತಿರುವಿ ಹಾಕಿದರು. ಹೊಸ ತೊಟ್ಟಿ, ಗಾರೆ ಇನ್ನೂ ಹಸಿ ಇದೆ, ಯಾಕೆ ಸೋರುತ್ತದೆ ಎಂದು ಕೇಳಿದರು. ತುಂಬೇ ತುಂಬುತ್ತದೆ ಎಂದರು.

“ತುಂಬತೈತಿ ಅಂತ ನನಗೂ ಅನಸ್ತೈತಿ,” ಎಂದಳು ಕಸ್ತೂರಿ. “ತುಂಬಲೇಬೇಕು ಅಂತ ಯಾವುದರ ಮ್ಯಾಲೆ ಹೇಳ್ತಿ?”

ರೊಟ್ಟಿ ಬಡಿದು ಮುಗಿಯಿತು. ಬಾಳಕ್ಕ ನನಗೆ ಬಡಿಸಿದರು, ಮಗಳಿಗೆ ಬಡಿಸಿದರು, ತಾವೂ ತಟ್ಟೆ ಹಾಕಿಕೊಂಡು ಕೂತರು. ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡಿದ್ದರು. ನಾಡಿದ್ದು ನಗರಸಭೆಯ ಸಭೆ ಇತ್ತು.

“ಇದನ್ನ ಸಭ್ಯಾಗ ಹೇಳು,” ಎಂದರು ಕೊನೆಗೆ. “ಇಲ್ಲಿ ಹೇಳಿದ್ರ ಮಗಳು ಹೇಳಿದಂಗಾಕ್ಕೈತಿ. ನಾ ಇಲ್ಲಿ ತಿದ್ದಿಬಿಟ್ರ ಯಾರಿಗೂ ಗೊತ್ತಾಗೂದಿಲ್ಲ. ಊರಿಗೆ ಗೊತ್ತಾಗಲಿ.”

ಸಭೆ ನಡೆದದ್ದು ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ. ಬಾಗಿಲಾಚೆಯೂ ಜನ ನಿಂತಿದ್ದರು. ಬಾಳಕ್ಕ ಮುಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. ಕಸ್ತೂರಿ ತಾಯಿಯ ಮಾತಿನ ಕೊನೆಯ ಸಾಲನ್ನು ಓದಿ, ಅದು ಎಲ್ಲಿ ನಿಲ್ಲದೆ ಹೋಗಬಹುದು ಎಂದು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದಳು. ಮೊದಲು ಗುಸುಗುಸು ಎದ್ದಿತು. ಬಾಳಕ್ಕನ ಮಾತಿಗೆ ಹುಳುಕು ತೋರಿಸುವವರು ಯಾರೂ ಇರಲಿಲ್ಲ, ಅದೂ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಕಸ್ತೂರಿ ಮುಂದುವರಿಸಿದಳು. ತನ್ನ ಭಾಷೆಯಲ್ಲಿ ತಾನು ಕಟ್ಟಿದ ಮಾತನ್ನು ಅದರ ಪಕ್ಕದಲ್ಲಿ ಬರೆದು, ಓಣಿಗೆ ಇಷ್ಟು ನೀರು ಎಂದು ಮೊದಲೇ ಅಳತೆ ಕೊಡುತ್ತೇವೆ, ಪಂಪು ನೀರೆತ್ತಿದ ಹಾಗೆಲ್ಲ ಆ ಅಳತೆ ಕುಗ್ಗುತ್ತದೆ, ಆದ್ದರಿಂದ ಇದು ನಿಂತೇ ನಿಲ್ಲುತ್ತದೆ ಎಂದು ತೋರಿಸಿದಳು. ಗುಸುಗುಸು ನಿಂತಿತು. ಹೊಸಮನಿ ಸರ್ ಮೊಣಕಾಲ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು.

ಆಗ ಬಾಳಕ್ಕ ಎದ್ದರು. ಅವರು ಮಗಳನ್ನು ಬಹುವಚನದಲ್ಲಿ ಮಾತಾಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ನಿಮ್ಮ ಮಾತು ಮುಗಿತೈತ್ರಿ, ಒಪ್ಪಿದೆ. ಮುಗಿದ ಮ್ಯಾಲೆ ಕುಂಬಾರ ಓಣ್ಯಾಗ ನೀರು ಇರ್ತೈತೇನ್ರಿ?”

ಕಸ್ತೂರಿ ಹಲಗೆಯ ಕಡೆ ತಿರುಗಿದಳು. ತಾನು ಬರೆದದ್ದನ್ನು ಮೊದಲಿನಿಂದ ಓದಿದಳು. ಅಳತೆ ತೀರಿದಾಗ ತೊಟ್ಟಿ ತುಂಬಿರಬಹುದು, ಅರ್ಧ ಇರಬಹುದು, ಒಣಗಿಯೇ ಇರಬಹುದು. ಅವಳ ಪ್ರಬಂಧವೆಲ್ಲ ಕೊನೆಯ ಬಗ್ಗೆ ಇತ್ತು. ಕೆಲಸ ಆಯಿತೇ ಎಂಬುದನ್ನು ಅದು ಕೇಳಿಯೇ ಇರಲಿಲ್ಲ.

“ಗೊತ್ತಿಲ್ರಿ,” ಎಂದಳು. “ಅದನ್ನ ನಾ ಸಾಬೀತು ಮಾಡಿಲ್ಲ.”

ರಾಚಪ್ಪನವರಿಗೆ ತಲೆ ಕೆಟ್ಟಿತು. ಒಂದು ಮಾತು ನಿಲ್ಲದೆ ಹೋಗಬಹುದು, ಇನ್ನೊಂದು ನೀರು ಕೊಡದೆ ಹೋಗಬಹುದು, ಜನ ಏನು ಕುಡಿಯಬೇಕು ಎಂದು ಕೇಳಿದರು. ಹಿಂದಿನ ಸಾಲಿನವರು ಬಾಳಕ್ಕನ ಮಾತೇ ಇರಲಿ, ಇಷ್ಟು ವರ್ಷ ಏನೂ ಆಗಿಲ್ಲ ಎಂದು ಕೂಗಿದರು. ಕೈ ಎತ್ತಿಸಿದ್ದರೆ ಬಾಳಕ್ಕನದೇ ಗೆಲ್ಲುತ್ತಿತ್ತು. ಅವರು ಇನ್ನೂ ನಿಂತೇ ಇದ್ದರು. ಸೆರಗು ಸರಿಮಾಡಿಕೊಂಡು, ಅಧ್ಯಕ್ಷರ ಕಡೆ ತಿರುಗಿ, ತಮ್ಮ ಮಾತನ್ನು ತಾವು ಹಿಂದಕ್ಕೆ ತೆಗೆದುಕೊಂಡಿರುವುದಾಗಿ ಹೇಳಿದರು. ಯಂತ್ರದ ಕಿವಿಗೆ ಬೀಳದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು, ಆದರೆ ಅವರು ಅದುವರೆಗೆ ಒಂದನ್ನೂ ತೆಗೆದುಕೊಂಡಿರಲಿಲ್ಲ. ಅವರು ಬಾಗಿಲಿನ ಕಡೆ ನಡೆದಾಗ ಜನ ಎರಡು ಕಡೆಗೂ ಸರಿದು ದಾರಿ ಬಿಟ್ಟರು.

ಮರುದಿನ ನಾನು ವಿಭಾಗಕ್ಕೆ ಬಂದಾಗ ನನ್ನ ಕುರ್ಚಿಯಲ್ಲಿ ಬಾಳಕ್ಕ ಕೂತಿದ್ದರು. ಮೇಜಿನ ಮೇಲೆ ಬುತ್ತಿಯ ಗಂಟು. ಇವತ್ತಿನಿಂದ ನೀನು ಬೇರೆ ಕುರ್ಚಿ ನೋಡಿಕೋ ಎಂದರು. ನೋಡಿಕೊಂಡೆ.

ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ನಡೆದದ್ದನ್ನು ಜಗಳ ಎನ್ನಬೇಕೋ ಪಾಠ ಎನ್ನಬೇಕೋ ತಿಳಿಯದು. ಕುಗ್ಗುವುದರ ಮೇಲೆ ಮಾತು ಕಟ್ಟುವುದನ್ನು ಬಾಳಕ್ಕ ಹಟ ಹಿಡಿದು ಕಲಿತರು. ಕಲಿತ ಮೇಲೆ, ಈ ಭಾಷೆಯಲ್ಲಿ ಮಾತಾಡಿದರೆ ಕೈ ಕಟ್ಟಿ ಅಡುಗೆ ಮಾಡಿದಂತಾಗುತ್ತದೆ ಎಂದು ರೇಗಿದರು. ಕಸ್ತೂರಿ ಅಳತೆಯನ್ನು ದೊಡ್ಡದು ಮಾಡಿ ನೋಡಿದಳು, ಎರಡು ಪಾಲು ಮಾಡಿ ನೋಡಿದಳು. ಎಷ್ಟು ಮಾಡಿದರೂ ತಾಯಿಯ ಪ್ರಶ್ನೆ ಅಲ್ಲೇ ಕೂತಿರುತ್ತಿತ್ತು. ನಿಲ್ಲಬೇಕೆಂದರೆ ನೀರಿನ ಭರವಸೆ ಇಲ್ಲ, ನೀರಿನ ಭರವಸೆ ಬೇಕೆಂದರೆ ನಿಲ್ಲುವ ಭರವಸೆ ಇಲ್ಲ. ಒಂದು ಮಧ್ಯಾಹ್ನ ಇಬ್ಬರೂ ಸೋತು ಬುತ್ತಿ ಬಿಚ್ಚಿದರು. ಚಟ್ನಿಗೆ ಉಪ್ಪು ಕಡಿಮೆಯಾಗಿತ್ತು. ಕ್ಯಾಂಟೀನಿಗೆ ಹೋಗಿ ತರುತ್ತೇನೆ ಎಂದು ನಾನು ಎದ್ದೆ. ಕ್ಯಾಂಟೀನಿಗೆ ಬೀಗ ಹಾಕಿತ್ತು, ಬರಿಗೈಯಲ್ಲಿ ಬಂದು ಸಿಗಲಿಲ್ಲ ಎಂದೆ. ಬಾಳಕ್ಕ ನನ್ನನ್ನು ನೋಡುತ್ತಲೇ ಇದ್ದರು.

“ನಮ್ಮ ಇಂದೂ ವಾಪಸ್ ಬಂದಾಳ ನೋಡು,” ಎಂದರು ಮಗಳಿಗೆ. “ಉಪ್ಪು ಸಿಗಲಿಲ್ಲ ಅಂತ ಬಂದು ಹೇಳಿದ್ಳು. ಅಲ್ಲೇ ನಿಂತಕೊಂಡಿಲ್ಲ, ಖಾಲಿ ಕೈಲೆ ಬಂದು ಸುಮ್ಮನೂ ಕುಂತಿಲ್ಲ. ನಾವು ಯಂತ್ರಕ್ಕ ಆ ಮಾತು ಕೊಟ್ಟ ಇಲ್ಲಲ್ಲ.”

ಕಸ್ತೂರಿ ರೊಟ್ಟಿ ಬಿಟ್ಟು ಎದ್ದಳು. ಕೈ ತೊಳೆದಳೋ ಇಲ್ಲವೋ, ಹಲಗೆಯ ಮುಂದೆ ನಿಂತಿದ್ದಳು. ನಮ್ಮೂರಿನ ಯಂತ್ರಗಳ ಭಾಷೆಯಲ್ಲಿ ‘ಆಗಲಿಲ್ಲ’ ಎಂಬ ಮಾತೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಯಂತ್ರಗಳ ನಡುವೆ ಬದುಕಿದ್ದ ನಮಗೆ ಯಾರಿಗೂ ಅದು ಕಂಡಿರಲಿಲ್ಲ. ಭಾಷೆಯಿಂದ ಮಗಳು ಒಂದು ಮಾತು ತೆಗೆದಿದ್ದಳು, ತಾಯಿ ಒಂದು ಮಾತು ಸೇರಿಸಿದರು. ಸೇರಿಸಿದ್ದರಿಂದ ಹಳೆಯ ಪುರಾವೆಯೆಲ್ಲ ಬುಡಮೇಲಾಯಿತು, ಕಸ್ತೂರಿ ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಮಳೆ ಶುರುವಾಗುವ ಹೊತ್ತಿಗೆ ಅವಳ ಕೈಯಲ್ಲಿ ಒಂದು ಫಲಿತಾಂಶ ಇತ್ತು: ಈ ಭಾಷೆಯಲ್ಲಿ ಕೊಟ್ಟ ಯಾವುದೇ ಅಪ್ಪಣೆ ನಿಂತೇ ನಿಲ್ಲುತ್ತದೆ, ನಿಂತಾಗ ಕೆಲಸ ಆಗಿರುತ್ತದೆ, ಆಗಿಲ್ಲವೆಂದರೆ ಎಲ್ಲಿ ಆಗಲಿಲ್ಲ ಎಂದು ಯಂತ್ರ ಬಾಯಿಬಿಟ್ಟು ಹೇಳುತ್ತದೆ, ಆಗದ್ದನ್ನು ಆಯಿತೆಂದು ಎಂದೂ ಹೇಳುವುದಿಲ್ಲ. ಹೊಸಮನಿ ಸರ್ ಅದರ ಒಂದೊಂದು ಹೆಜ್ಜೆಯನ್ನೂ ಕೆದಕಿ ನೋಡಿದರು. ಕೊನೆಯ ಹಾಳೆ ಮುಗಿಸಿ ಕನ್ನಡಕ ತೆಗೆದು, ಇಷ್ಟು ವರ್ಷ ಮೇಷ್ಟರಾಗಿದ್ದದ್ದು ಸಾರ್ಥಕವಾಯಿತು ಎಂದಷ್ಟೇ ಹೇಳಿದರು.

ಪಂಪು ಶುರು ಮಾಡುವ ದಿನ ಊರೆಲ್ಲ ಹೊಳೆದಂಡೆಯಲ್ಲಿತ್ತು. ಆವತ್ತು ನಕ್ಕು ಎದ್ದುಹೋಗಿದ್ದ ಪರೀಕ್ಷಕರೂ ಬಂದಿದ್ದರು. ಅಪ್ಪಣೆ ಕೊಡಲು ರಾಚಪ್ಪನವರು ಬಾಳಕ್ಕನನ್ನು ಕರೆದರು. ಬಾಳಕ್ಕ ಮಗಳ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಮನೆಯ ಒರಳಿಗಿಂತ ದೊಡ್ಡ ಯಂತ್ರಕ್ಕೆ ಕಸ್ತೂರಿ ಎಂದೂ ಅಪ್ಪಣೆ ಕೊಟ್ಟವಳಲ್ಲ. ಪಂಪಿನ ಕಿವಿಗೆ ಬಾಗಿ, ಆ ಉದ್ದನೆಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲೂ ತಡವರಿಸದೆ ಹೇಳಿದಳು. ನನ್ನ ಪಕ್ಕದಲ್ಲಿ ಬಾಳಕ್ಕ ತುಟಿಯಲ್ಲೇ ಅದನ್ನು ಹೇಳಿಕೊಳ್ಳುತ್ತಿದ್ದರು.

ಪಂಪು ಗುಡುಗಿತು. ಒಂದು ಓಣಿಯ ತೊಟ್ಟಿ ತುಂಬಿದ ಕೂಡಲೇ ಅಲ್ಲಿ ನಿಂತ ವಾದ್ಯದವರು ಹಲಗೆ ಬಡಿಯುವ ಸದ್ದು ಕೇಳುತ್ತಿತ್ತು. ಗಾಣದ ಓಣಿ, ಪೇಟೆ, ಕೋಟೆ ಹಿಂದು, ಆಸ್ಪತ್ರೆ ಬೀದಿ, ಒಂದರ ಹಿಂದೊಂದು ಹಲಗೆ ಕೇಳಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕೊನೆಗೆ ಕುಂಬಾರ ಓಣಿಯೊಂದೇ ಉಳಿಯಿತು. ಎಲ್ಲರೂ ಆ ಕಡೆ ಕಿವಿಗೊಟ್ಟು ನಿಂತರು. ಹಲಗೆ ಕೇಳಲಿಲ್ಲ. ಪಂಪು ನೀರೆತ್ತುತ್ತಲೇ ಇತ್ತು. ಹಾಗೆ ಇನ್ನೂ ಸ್ವಲ್ಪ ಹೊತ್ತು ಹೋದ ಮೇಲೆ ಅದರ ದನಿ ಇಳಿಯಿತು, ಚಕ್ರ ನಿಧಾನವಾಯಿತು, ನಿಂತಿತು.

“ಕುಂಬಾರ ಓಣಿ,” ಎಂದಿತು ಪಂಪು. “ಆಗಲಿಲ್ಲ.”

ಕೆಲಸ ಮುಗಿಯದೆ ನಿಂತ ಯಂತ್ರವನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಹೊಳೆ ಹರಿಯುವ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿದ್ದೂ ಅವತ್ತೇ. ಕೆಲವರು ಹೆದರಿ ಹಿಂದೆ ಸರಿದರು. ಒಬ್ಬ ಮುದುಕ ರುಮಾಲು ತೆಗೆದು ಕೈಯಲ್ಲಿ ಹಿಡಿದ. ರಾಚಪ್ಪನವರು ಬಾಳಕ್ಕನ ಕಡೆ ತಿರುಗಿದರು.

“ಕೆಟ್ಟಿತೇನ್ರಿ ಬಾಳಕ್ಕ?”

“ಕೆಟ್ಟಿಲ್ರಿ,” ಎಂದರು ಬಾಳಕ್ಕ. “ನಿಂತೈತಿ. ನನ್ನ ಮಗಳು ನಿಲ್ಲಿಸ್ಯಾಳ.”

ಆ ಮಾತು ಹೇಳುವಾಗ ಅವರು ಯಾರ ಕಡೆಗೂ ನೋಡಲಿಲ್ಲ. ಕತ್ತು ನೆಟ್ಟಗಿತ್ತು. ಅಷ್ಟು ಎತ್ತರದ ಹೆಂಗಸು ಅವರೆಂದು ನನಗೆ ಅದುವರೆಗೆ ಅನ್ನಿಸಿರಲಿಲ್ಲ.

ತೊಟ್ಟಿ ಕಟ್ಟಿದ ಗೌಂಡಿಗಳು ಓಡಿಹೋಗಿ ನೋಡಿದರು. ತೊಟ್ಟಿಯ ತಳದ ಮೂಲೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ನೀರೆಲ್ಲ ಅಲ್ಲಿಂದ ಇಳಿದು, ಹತ್ತಿರದ ಎರಡು ಮನೆಗಳ ಅಂಗಳ ತೊಯ್ದಿತ್ತು. ಮಕ್ಕಳು ಅದರಲ್ಲಿ ಕಾಗದದ ದೋಣಿ ಬಿಡುತ್ತಿದ್ದರಂತೆ. ಗೋಡೆಗಳಿಗೆ ಏನೂ ಆಗಿರಲಿಲ್ಲ. ಪಂಪು ನಿಂತಿದ್ದರಿಂದ ಅವರು ತೊಟ್ಟಿಗೆ ಇಳಿದು ಆಗಲೇ ಗಾರೆ ಹಚ್ಚಲು ತೊಡಗಿದರು. ಸುದ್ದಿ ಹೊಳೆದಂಡೆಗೆ ಮುಟ್ಟಿದಾಗ ಮೊದಲು ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎದ್ದ ಸದ್ದಿಗೆ ಮರದ ಕೊಕ್ಕರೆಗಳೆಲ್ಲ ಹಾರಿದವು. ಪರೀಕ್ಷಕರು ಜನರ ನಡುವೆ ನುಗ್ಗಿ ಬಂದು, ಇನ್ನೊಂದು ಮೌಖಿಕ ಪರೀಕ್ಷೆಯ ಅಗತ್ಯ ತಮಗೆ ಕಾಣುವುದಿಲ್ಲ ಎಂದು ಹೊಸಮನಿ ಸರ್ ಕಿವಿಯಲ್ಲಿ ಕೂಗಿ ಹೇಳಿದರು. ಸರ್ ಅದನ್ನು ನನಗೆ ಕೂಗಿ ಹೇಳಿದರು, ನಾನು ಕಸ್ತೂರಿಗೆ ಕೂಗಿ ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ, ಕುಂಬಾರ ಓಣಿಯವರು ಇವತ್ತು ಏನು ಕುಡಿಯುತ್ತಾರೆ ಎಂದು ಅವಳು ರಾಚಪ್ಪನವರನ್ನು ಕೇಳುತ್ತಿದ್ದಳು.

ಗಾರೆ ಒಣಗಲು ಹೊತ್ತು ಬೇಕಿತ್ತು. ಹಾಗಾಗಿ ದಂಡೆಯ ಮನೆಗಳಿಂದ ಕೊಡಗಳು ಬಂದವು. ಅಧ್ಯಕ್ಷರು ಕೊಡ ಎತ್ತಿದರು, ಹೊಸಮನಿ ಸರ್ ಎತ್ತಿದರು, ಪರೀಕ್ಷಕರು ಪ್ಯಾಂಟಿನ ಕಾಲು ಮಡಚಿ ಹೊಳೆಗೆ ಇಳಿದರು. ಹಲಗೆಯವರು ಮುಂದೆ ಬಡಿಯುತ್ತ ನಡೆದರು. ನಮ್ಮೂರಿನಲ್ಲಿ ಅಂಥ ಮೆರವಣಿಗೆ ಮತ್ತೆ ನಡೆದಿಲ್ಲ. ಕಸ್ತೂರಿ ಸೊಂಟದ ಮೇಲೆ ತುಂಬಿದ ಕೊಡವಿಟ್ಟುಕೊಂಡು ನನ್ನ ಮುಂದೆ ಹೋಗುತ್ತಿದ್ದಳು. ತಗ್ಗಿಳಿದು ಮೊದಲ ಮನೆ ತಲುಪುವಷ್ಟರಲ್ಲಿ ಅವಳ ಸೀರೆ ಅರ್ಧ ನೆಂದಿತ್ತು. ಬಾಗಿಲಲ್ಲಿ ಕೈಯೆಲ್ಲ ಜೇಡಿಮಣ್ಣು ಮಾಡಿಕೊಂಡು ನಿಂತಿದ್ದ ಹೆಂಗಸು ಕೊಡ ಇಸಿದುಕೊಂಡು, ನೀರನ್ನು ಹಂಡೆಗೆ ಸುರುವಿ, ಬಗ್ಗಿ ನೋಡಿ, ಇದು ತುಂಬಲು ಇನ್ನೂ ಬೇಕು, ಇನ್ನೊಂದು ತರ್ತೀರೇನ್ರಿ ಎಂದು ಕೇಳಿದಳು.

“ತರ್ತೀನ್ರಿ,” ಎಂದಳು ಕಸ್ತೂರಿ. ಖಾಲಿ ಕೊಡ ಹಿಡಿದು ಹೊಳೆಯ ಕಡೆ ತಿರುಗಿದಳು.